ಮಂಡಿ ಎಷ್ಟು ಮಡಚುತ್ತೆ ಅಂತ ಮೊಬೈಲ್ ವಿಡಿಯೋದಲ್ಲಿ ಅಳೆಯೋದು ಹೇಗೆ: ಸಮಗ್ರ ಮಾರ್ಗದರ್ಶಿ

ಮಂಡಿ ಆಪರೇಷನ್ ಆಗಿ ಮೂರು ವಾರ ಆಗಿರೋರು ನಮ್ಮಂಥ ಫಿಸಿಯೋಗಳ ಹತ್ರ ಬಂದು ಕೂತ ತಕ್ಷಣ ಹೇಳೋ ಮಾತು ಒಂದೇ, "ಮನೇಲಿ ಚೆನ್ನಾಗಿ ಮಡಚುತ್ತೆ ಸಾರ್, ಇಲ್ಲಿ ಬಂದ್ರೆ ಮಾತ್ರ ಆಗಲ್ಲ". ಸುಳ್ಳು ಹೇಳ್ತಿಲ್ಲ ಅವರು. ಆಟೋದಲ್ಲಿ ಕುಲುಕಾಡ್ಕೊಂಡು ಬಂದು, ಒಂದು ಗಂಟೆ ಬೆಂಚಿನ ಮೇಲೆ ಕಾದು ಕೂತಮೇಲೆ ಮಂಡಿ ಬಿಗಿದಿರುತ್ತೆ. ಹಾಗಾದ್ರೆ ಮನೇಲಿ ತೆಗೆದ ವಿಡಿಯೋ ತೋರ್ಸಿ ಅಂದ್ರೆ ಮಗ ಮೊಬೈಲ್ ತೆಗೀತಾನೆ, ಅದ್ರಲ್ಲಿ ಅಮ್ಮನ ಮುಖ ಇರುತ್ತೆ, ಫ್ಯಾನ್ ಇರುತ್ತೆ, ಸೀರೆ ಪಾದದ ತನಕ ಇರುತ್ತೆ, ಹಿಂದೆ ಟಿವಿ ಸೌಂಡೂ ಇರುತ್ತೆ, ಮಂಡಿ ಒಂದು ಮಾತ್ರ ಕಾಣಲ್ಲ.

ಅದಕ್ಕೇ ಇದನ್ನ ಬರೀತಿದೀನಿ. ಸೂಜಿ ಇಲ್ಲ, ರೇಡಿಯೇಷನ್ ಇಲ್ಲ, ಒಂದು ಮೊಬೈಲು, ಒಂದು ಸ್ಟೂಲು, ಒಂದು ಪ್ಯಾಕೆಟ್ ಸ್ಟಿಕ್ಕರ್ ಬಿಂದಿ ಇದ್ರೆ ಸಾಕು. ಮಂಡಿ ಬದಲಿ ಆಪರೇಷನ್ ಆದೋರಿಗೆ, ಲಿಗಮೆಂಟ್ (ಮೂಳೆಗಳನ್ನ ಜೋಡಿಸಿ ಹಿಡಿಯೋ ಪಟ್ಟಿ) ಆಪರೇಷನ್ ಆದ ಹುಡುಗರಿಗೆ, ಸವೆದ ಮಂಡಿ ಇಟ್ಕೊಂಡು ವ್ಯಾಯಾಮ ಮಾಡ್ತಿರೋರಿಗೆ ಎಲ್ರಿಗೂ ಇದೇ ವಿಧಾನ ಆಗುತ್ತೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ

"ಎಕ್ಸ್‌ರೇ ತೆಗೆದಿದೀವಲ್ಲ, ಎಂಆರ್‌ಐನೂ ಆಗಿದೆ, ಇನ್ಯಾಕೆ ವಿಡಿಯೋ" ಅಂತ ಕೇಳ್ತಾರೆ. ಎಕ್ಸ್‌ರೇ ಮೂಳೆ ತೋರ್ಸುತ್ತೆ. ಸವೆದ ಮಂಡಿಗಾದ್ರೆ ನಿಂತುಕೊಂಡು ಮೈಭಾರ ಬಿಟ್ಟು ತೆಗೆಸಿದ ಎಕ್ಸ್‌ರೇನೇ ಬೇಕು, ಮಲಗಿಸಿ ತೆಗೆದ್ರೆ ಮೂಳೆ ನಡುವಿನ ಗ್ಯಾಪ್ ಇರೋದಕ್ಕಿಂತ ಚೆನ್ನಾಗೇ ಕಾಣುತ್ತೆ. ಎಂಆರ್‌ಐ ಲಿಗಮೆಂಟು, ಗಾದಿ (ಮಂಡಿ ಮೂಳೆಗಳ ನಡುವಿನ ಮೆತ್ತೆ, ಮೆನಿಸ್ಕಸ್), ಊತ ತೋರ್ಸುತ್ತೆ, ಆದ್ರೆ ಕಾಲು ಅಲ್ಲಾಡಿಸದೆ ಮಲಗಿರ್ಬೇಕು. ಎರಡೂ ಅಲ್ಲಾಡದ ಸ್ಥಿರ ಚಿತ್ರಗಳೇ, ಮಂಡಿ ಹೇಗೆ ಚಲಿಸುತ್ತೆ ಅನ್ನೋದು ಅದ್ರಲ್ಲಿ ಇರಲ್ಲ. ಚಲಿಸ್ತಿರೋ ಮೂಳೆಯನ್ನೇ ನೋಡೋಕೆ ಫ್ಲೋರೋಸ್ಕೋಪಿ ಇದೆ, ಅಂದ್ರೆ ಎಕ್ಸ್‌ರೇನ ಸಿನಿಮಾ ತರ ನೋಡೋದು. ಎರಡು ಕಡೆಯಿಂದ ಏಕಕಾಲಕ್ಕೆ ಎಕ್ಸ್‌ರೇ ಬಿಟ್ಟು ಮೂಳೆಯ ಚಲನೆಯನ್ನ ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯೋ ಲ್ಯಾಬ್‌ಗಳೂ ಇವೆ, ಆದ್ರೆ ಅದೆಲ್ಲ ಸಂಶೋಧನೆಗೆ, ಮತ್ತೆ ರೇಡಿಯೇಷನ್ ಇದ್ದೇ ಇರುತ್ತೆ, ವಾರವಾರ ಮಾಡಿಸೋ ವಿಷಯ ಅಲ್ಲ.

ಅಲ್ಟ್ರಾಸೌಂಡ್ ಬಗ್ಗೆ ಇನ್ನೊಂದು ಗೊಂದಲ. ಫಿಸಿಯೋ ಹತ್ರ ಜೆಲ್ ಹಚ್ಚಿ ಉಜ್ಜೋದು ಚಿಕಿತ್ಸೆಯ ಅಲ್ಟ್ರಾಸೌಂಡು, ಅದ್ರಲ್ಲಿ ಚಿತ್ರ ಬರಲ್ಲ. "ಸ್ಕ್ಯಾನಲ್ಲಿ ಏನು ಕಾಣ್ತು ಸಾರ್" ಅಂತ ಎಷ್ಟೋ ಜನ ಕೇಳಿದಾರೆ ನನ್ನ. ಚಿತ್ರ ಬರೋ ಮಷೀನು ಬೇರೆ, ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಪ್ರಕಾರ ಅದನ್ನ ನೋಂದಣಿ ಮಾಡಿಸದೆ ಇಟ್ಕೊಳ್ಳೋ ಹಾಗಿಲ್ಲ, ಮಂಡಿ ನೋಡೋಕೆ ಅಂತ ಹೇಳಿದ್ರೂ ಅಷ್ಟೇ. ರೇಡಿಯಾಲಜಿಸ್ಟ್ ಹತ್ರ ಹೋದ್ರೆ ಆ ಮಷೀನಲ್ಲಿ ಕೀಲು ಆಡಿಸ್ತಾನೇ ನೋಡ್ಬಹುದು. ಭುಜ ಎತ್ತುವಾಗ ಸ್ನಾಯುರಜ್ಜು ಎಲ್ಲಿ ಸಿಕ್ಕಿಕೊಳ್ಳುತ್ತೆ, ಮೊಣಕೈ ಮಡಚಿದಾಗ ನರ ಜಾರುತ್ತಾ, ಇದಕ್ಕೆಲ್ಲ ಅದು ಬಹಳ ಒಳ್ಳೇದು. ಮಂಡಿ ಒಳಗಿನ ಆಳಕ್ಕೆ ಅಷ್ಟು ಪ್ರಯೋಜನ ಇಲ್ಲ, ಯಾಕಂದ್ರೆ ಅಲ್ಟ್ರಾಸೌಂಡಿನ ಶಬ್ದತರಂಗ ಮೂಳೆ ದಾಟಿ ಹೋಗಲ್ಲ.

ಹಾಗಾಗಿ ಮೊಬೈಲ್ ವಿಡಿಯೋ ಇವ್ಯಾವುದಕ್ಕೂ ಬದಲಿ ಅಲ್ಲ, ಒಳಗಡೆ ಏನಾಗಿದೆ ಅಂತ ಅದು ಹೇಳಲ್ಲ. ಹೊರಗಿಂದ ಕೀಲು ಎಷ್ಟು ಡಿಗ್ರಿ ಆಡ್ತಿದೆ, ಹೋದ ವಾರಕ್ಕಿಂತ ಜಾಸ್ತಿನಾ ಕಮ್ಮಿನಾ, ಅಷ್ಟನ್ನ ಹೇಳುತ್ತೆ. ಚೇತರಿಸ್ಕೊಳ್ತಿರೋ ಮಂಡಿಗೆ ಬೇಕಾಗಿರೋದೂ ಹೆಚ್ಚುಕಮ್ಮಿ ಅದೇ.

ಯಾವಾಗ ಮಾಡ್ಬಾರ್ದು

ಮೀನಖಂಡ ಊದಿ ಬಿಗಿಯಾಗಿ ಮುಟ್ಟಿದ್ರೆ ನೋಯ್ತಿದೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುತ್ತೆ, ಜ್ವರ ಬಂದು ಮಂಡಿ ಕೆಂಪಾಗಿ ಸುಡ್ತಿದೆ, ಗಾಯದಿಂದ ಕೀವು ಅಥವಾ ನೀರು ಬರ್ತಿದೆ, ಮಂಡಿ ಲಾಕ್ ಆಗಿ ಆ ಕಡೆಗೂ ಈ ಕಡೆಗೂ ಹೋಗ್ತಿಲ್ಲ, ಕಾಲೂರೋಕೇ ಆಗ್ತಿಲ್ಲ, ಇದ್ರಲ್ಲಿ ಯಾವುದೇ ಒಂದಿದ್ರೂ ವಿಡಿಯೋ ಬಿಟ್ಟು ಆಸ್ಪತ್ರೆಗೆ ಹೋಗಿ. ಇನ್ನೊಂದು, ಮಂಡಿ ಗಾದಿಗೆ ಹೊಲಿಗೆ ಹಾಕಿರೋರಿಗೆ ಕೆಲವು ವಾರ 90 ಡಿಗ್ರಿಗಿಂತ ಮೇಲೆ ಮಡಚಬೇಡಿ ಅಂತ ಸರ್ಜನ್ ಹೇಳಿರ್ತಾರೆ. ವಿಡಿಯೋಗೋಸ್ಕರ ಆ ಗೆರೆ ದಾಟೋ ಬುದ್ಧಿವಂತಿಕೆ ಬೇಡ.

ಹೆಜ್ಜೆ 1: ಬಟ್ಟೆ, ಜಾಗ, ಬೆಳಕು

ತೊಡೆ ಮಧ್ಯದ ತನಕ ಕಾಣೋ ಹಾಗಿರ್ಬೇಕು. ಗಂಡಸರಿಗೆ ಚಡ್ಡಿ. ಅಮ್ಮಂದಿರಿಗೆ ನೈಟಿನೋ ಸೀರೆನೋ ತೊಡೆ ಮೇಲಕ್ಕೆ ಮಡಚಿ ಮೇಲೊಂದು ಟವೆಲ್ ಹೊದಿಸಿಬಿಡಿ, ಸಂಕೋಚ ಆಗುತ್ತೆ ಅಂದ್ರೆ ಮಗಳೋ ಸೊಸೆಯೋ ತೆಗೀಲಿ. ಮುಖ ಫ್ರೇಮಿನೊಳಗೆ ಬರೋದೇ ಬೇಡ. ಯಾರ ಕಾಲು ಅಂತ ನಮಗೆ ಗೊತ್ತಿರುತ್ತೆ, ಬೇರೆಯವರಿಗೆ ಗೊತ್ತಾಗೋದು ಬೇಕಿಲ್ಲ.

ಮಂಚದ ಹಾಸಿಗೆ ಮೆತ್ತಗಿದ್ರೆ ಸೊಂಟ ಇಳಿದುಹೋಗುತ್ತೆ, ಗಟ್ಟಿ ಮಂಚ ಅಥವಾ ದಿವಾನ ಒಳ್ಳೇದು. ನೆಲದ ಮೇಲೆ ಕೂರೋಕೆ ಆಗೋರಿಗೆ ಮಾತ್ರ ಚಾಪೆ. ಹಗಲು ಬೆಳಕಲ್ಲಿ ತೆಗೆಯಿರಿ, ಕಿಟಕಿ ಕ್ಯಾಮೆರಾ ಹಿಂದೆ ಇರ್ಲಿ, ಕಾಲಿನ ಹಿಂದೆ ಇದ್ರೆ ಕಾಲು ಕಪ್ಪಾಗಿ ನೆರಳು ತರ ಬರುತ್ತೆ. ಸ್ಲೋ ಮೋಷನ್ ತೆಗೀವಾಗ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಮಿಣಮಿಣ ಅಂತ ವಿಡಿಯೋ ಹಾಳು ಮಾಡ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಕಾಣ್ದಿದ್ರೂ ಕ್ಯಾಮೆರಾಗೆ ಕಾಣುತ್ತೆ.

ಹೆಜ್ಜೆ 2: ಬಿಂದಿ ಅಂಟಿಸೋದು

ಇದನ್ನ ಹೇಳಿದಾಗ ಎಲ್ರೂ ನಗ್ತಾರೆ, ಅದ್ರಲ್ಲೂ ಮೀಸೆ ಬಿಟ್ಟಿರೋ ಯಜಮಾನರು. ನಗೋದೇನೂ ಬೇಡ. 1880ರ ದಶಕದಲ್ಲೇ ಪ್ಯಾರಿಸ್‌ನಲ್ಲಿ ಎಟಿಯೆನ್ ಜೂಲ್ ಮಾರೆ ಅನ್ನೋ ವಿಜ್ಞಾನಿ ಮನುಷ್ಯನಿಗೆ ಪೂರ್ತಿ ಕಪ್ಪು ಬಟ್ಟೆ ಹಾಕಿಸಿ, ಕೈಕಾಲಿನುದ್ದಕ್ಕೂ ಬಿಳಿ ಪಟ್ಟಿ ಎಳೆದು, ನಡೀತಾ ಇರೋವಾಗ ಒಂದೇ ಫಲಕದ ಮೇಲೆ ಸಾಲುಸಾಲು ಫೋಟೋ ತೆಗೆದಿದ್ದ. ನಾವು ಪಟ್ಟಿ ಬದಲು ಬಿಂದಿ ಇಡ್ತಿದೀವಿ, ಅಷ್ಟೇ.

ದೊಡ್ಡ ಸೈಜಿನ, ಚರ್ಮದ ಬಣ್ಣಕ್ಕೆ ಎದ್ದು ಕಾಣೋ ಬಿಂದಿ ಮೂರು ಬೇಕು. ಮೊದಲನೇದು ಸೊಂಟದ ಪಕ್ಕ: ಕಾಲು ಚಾಚಿ ಪಾದವನ್ನ ಒಳಗೆ ಹೊರಗೆ ತಿರುಗಿಸೋಕೆ ಹೇಳಿ, ಸೊಂಟದ ಪಕ್ಕ ಬೆರಳಿಟ್ರೆ ಚರ್ಮದ ಕೆಳಗೆ ಒಂದು ಮೂಳೆ ಉಂಡೆ ಉರುಳೋದು ಗೊತ್ತಾಗುತ್ತೆ, ಅದೇ ಜಾಗ, ಅಲ್ಲಿ ಬಟ್ಟೆ ಇದ್ರೆ ಬಟ್ಟೆ ಮೇಲೇ ಅಂಟಿಸಿ. ಎರಡನೇದು ಮಂಡಿಯ ಹೊರಪಕ್ಕ, ಮಂಡಿ ಚಿಪ್ಪಿನ ಮೇಲಲ್ಲ ಪಕ್ಕದಲ್ಲಿ, ತೊಡೆಮೂಳೆ ಕೊನೇಲಿ ಉಬ್ಬಿರೋ ಕಡೆ. ಮೂರನೇದು ಪಾದದ ಮೇಲೆ ಆಂಕಲ್ ಹೊರಗಡೆ ಎದ್ದಿರೋ ಮೂಳೆ, ಇದು ಯಾರಿಗೂ ತಪ್ಪಲ್ಲ. ಫಿಸಿಯೋಗಳು ಗೋನಿಯೋಮೀಟರ್ ಅನ್ನೋ ಎರಡು ಕೈಯಿನ ಅಳತೆಪಟ್ಟಿ ಇಡೋದೂ ಇದೇ ಮೂರು ಗುರುತಿನ ಮೇಲೆ.

ಬಿಂದಿ ಮೂಳೆ ಮೇಲಿಲ್ಲ, ಚರ್ಮದ ಮೇಲಿದೆ ಅನ್ನೋದನ್ನ ಮರೀಬಾರ್ದು. ಮಂಡಿ ಮಡಚಿದ ಹಾಗೆ ಚರ್ಮ ಜಾರುತ್ತೆ, ದಪ್ಪ ಇರೋರಲ್ಲಿ ಸೊಂಟದ ಬಿಂದಿಯಂತೂ ಎಲ್ಲೋ ಹೋಗಿರುತ್ತೆ. ಕಾಲು ಪೂರ್ತಿ ಮಡಚಿ ನಿಲ್ಲಿಸಿದಮೇಲೆ ಮತ್ತೊಂದು ಸಲ ಮೂಳೆ ಮುಟ್ಟಿ ನೋಡಿ, ಜಾರಿದ್ರೆ ತೆಗೆದು ಸರಿಯಾದ ಜಾಗಕ್ಕೆ ಅಂಟಿಸಿ. ಗಾಯದ ಮೇಲೆ, ಪ್ಲಾಸ್ಟರ್ ಮೇಲೆ ಬೇಡ. ಅಂಟಿಗೆ ಕಡಿತ ಆಗೋರಿಗೆ ಸ್ಕೆಚ್ ಪೆನ್ನಿನ ಚುಕ್ಕೆ ಸಾಕು.

ಹೆಜ್ಜೆ 3: ಮೊಬೈಲ್ ಎಲ್ಲಿಡೋದು

ಹತ್ತರಲ್ಲಿ ಎಂಟು ವಿಡಿಯೋ ಹಾಳಾಗೋದು ಇಲ್ಲೇ, ಹಾಗಾಗಿ ಇದನ್ನ ನಿಧಾನಕ್ಕೆ ಓದಿ.

ಕೈಯಲ್ಲಿ ಹಿಡ್ಕೊಂಡು ತೆಗೀಬೇಡಿ. ಸ್ಟೂಲ್ ಮೇಲೆ ಪುಸ್ತಕ ಜೋಡ್ಸಿ, ಅಕ್ಕಿ ಡಬ್ಬಿಗೆ ಒರಗಿಸಿ, ಮೊಬೈಲ್ ಅಡ್ಡಡ್ಡ ನಿಲ್ಲಿಸಿ. ಲೆನ್ಸು ಮಂಡಿಯ ಎತ್ತರಕ್ಕೇ ಇರ್ಬೇಕು, ಮಂಚದ ಮೇಲೆ ಮಲಗಿದ್ರೆ ಮಂಚದ ಎತ್ತರ, ಕುರ್ಚಿ ಮೇಲೆ ಕೂತಿದ್ರೆ ಕುರ್ಚಿ ಎತ್ತರ. ನೋವಿರೋ ಕಾಲು ಕ್ಯಾಮೆರಾ ಕಡೆಗೆ. ದೂರ ಮೂರು ಮೀಟರ್, ಅಂದ್ರೆ ಹತ್ತಡಿ. ನಮ್ಮ ಮನೆಗಳಲ್ಲಿ ರೂಮೇ ಹತ್ತಡಿ ಇರುತ್ತೆ, ಆಗ ಬಾಗಿಲಾಚೆ ಸ್ಟೂಲ್ ಇಟ್ಟು ಬೇಕಾದ್ರೆ ಸ್ವಲ್ಪ ಝೂಮ್ ಮಾಡಿ, ಹತ್ರ ಬಂದು 0.5 ವೈಡ್ ಲೆನ್ಸ್ ಮಾತ್ರ ಹಾಕ್ಬೇಡಿ, ಅದು ಅಂಚಿನಲ್ಲಿರೋದನ್ನೆಲ್ಲ ಎಳೆದು ಬಗ್ಗಿಸಿ ತೋರ್ಸುತ್ತೆ.

ಎಲ್ಲಕ್ಕಿಂತ ಮುಖ್ಯ, ಕ್ಯಾಮೆರಾ ಕಾಲಿಗೆ ನೇರ ಪಕ್ಕದಿಂದ ನೋಡ್ಬೇಕು. ಓರೆಯಾದ್ರೆ ಎಷ್ಟು ತಪ್ಪಾಗುತ್ತೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ನಿಂತ್ಕೊಂಡು ತೊಡೆ ನೆಟ್ಟಗಿಟ್ಟು ಮಂಡಿಯನ್ನ ಹಿಂದಕ್ಕೆ ನಿಜವಾಗ್ಲೂ 60 ಡಿಗ್ರಿ ಮಡಚಿದಾರೆ ಅನ್ಕೊಳ್ಳಿ. ಕ್ಯಾಮೆರಾ ಸರಿಯಾದ ಜಾಗದಿಂದ 30 ಡಿಗ್ರಿ ಪಕ್ಕಕ್ಕೆ ಹೋಗಿದ್ರೆ ವಿಡಿಯೋದಲ್ಲಿ 56 ಅಂತ ಬರುತ್ತೆ, 45 ಡಿಗ್ರಿ ಓರೆಯಾಗಿದ್ರೆ 51. ಅಂದ್ರೆ ಹೋದ ವಾರ ನೇರವಾಗಿ ತೆಗೆದು ಈ ವಾರ ಮೂಲೆಯಿಂದ ತೆಗೆದ್ರೆ ಮಂಡಿ ಏನೂ ಆಗದೇನೇ 9 ಡಿಗ್ರಿ ಹಿಂದೆ ಹೋದ ಹಾಗೆ ಕಾಣುತ್ತೆ, ಪಾಪ ಪೇಷೆಂಟು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಒದ್ದಾಡ್ತಾರೆ. ಇಂಥ ಒಂದು ವಿಡಿಯೋ ನೋಡಿ ನಾನೇ ಒಬ್ಬರಿಗೆ ಬೈದು ಆಮೇಲೆ ತಪ್ಪು ಗೊತ್ತಾಗಿ ಫೋನ್ ಮಾಡಿ ಸಾರಿ ಕೇಳಿದೀನಿ.

ಪರಿಹಾರ ಸುಲಭ. ಮಂಚದ ಅಂಚಿಗೆ ಅಥವಾ ನೆಲದ ಟೈಲ್ಸ್ ಗೆರೆಗೆ ಲಂಬವಾಗಿ ಸ್ಟೂಲ್ ಇಟ್ಟು, ಸ್ಟೂಲಿನ ನಾಲ್ಕು ಕಾಲಿನ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕ್ಬಿಡಿ. ಮುಂದಿನ ವಾರ ಅಲ್ಲೇ ಇಡಿ. ಪಾದದ ಹೆಬ್ಬೆರಳು ಮತ್ತು ಮಂಡಿ ಚಿಪ್ಪು ಮೇಲ್ಗಡೆ ನೋಡ್ತಿರ್ಲಿ, ಕಾಲು ಹೊರಗಡೆ ವಾಲಿದ್ರೆ ಕ್ಯಾಮೆರಾ ನೆಟ್ಟಗಿದ್ರೂ ಅದೇ ತಪ್ಪು ಆಗುತ್ತೆ.

ಹೆಜ್ಜೆ 4: ಏನೇನು ಚಿತ್ರೀಕರಿಸ್ಬೇಕು

ಬೆಳಿಗ್ಗೆ ಎದ್ದ ತಕ್ಷಣ ಮಂಡಿ ಬಿಗಿ, ಸಂಜೆ ಹೊತ್ತಿಗೆ ಊತ, ಐಸ್ ಇಟ್ಟಮೇಲೆ ಒಂದು ತರ, ವ್ಯಾಯಾಮ ಆದಮೇಲೆ ಇನ್ನೊಂದು ತರ. ಯಾವ ಹೊತ್ತಾದ್ರೂ ಪರವಾಗಿಲ್ಲ, ಪ್ರತಿ ಸಲ ಅದೇ ಹೊತ್ತಿರ್ಲಿ. ನಾನು ಹೇಳೋದು ವಾರಕ್ಕೊಂದು ದಿನ, ಬೆಳಿಗ್ಗೆ ತಿಂಡಿ ಆದಮೇಲೆ, ವ್ಯಾಯಾಮಕ್ಕೆ ಮುಂಚೆ. ದಿನಾ ಅಳೆದ್ರೆ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ನೋಡ್ಕೊಂಡು ತಲೆ ಕೆಡಿಸ್ಕೊಳ್ತೀರ.

ಮೊದಲು ನೆಟ್ಟಗಾಗೋದು. ಎಲ್ರಿಗೂ ಮಡಚೋದರ ಮೇಲೇ ಗಮನ, ಆದ್ರೆ ನಡಿಗೆಗೆ ಮಂಡಿ ಪೂರ್ತಿ ನೆಟ್ಟಗಾಗೋದೇ ಹೆಚ್ಚು ಬೇಕು. ಮಲಗಿ ಹಿಮ್ಮಡಿ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನ ಸಡಿಲ ಬಿಡಿ, ಒಂದು ನಿಮಿಷ ಆದಮೇಲೆ ತೆಗೆಯಿರಿ. ಮಂಡಿ ಕೆಳಗೆ ದಿಂಬು ಇಟ್ಕೊಂಡು ಮಲಗೋ ಅಭ್ಯಾಸ ಇರೋರಿಗೆ ಇಲ್ಲೇ 10, 15 ಡಿಗ್ರಿ ಬಾಕಿ ಉಳಿದಿರುತ್ತೆ.

ಆಮೇಲೆ ಅದೇ ಕಾಲನ್ನ ಮಡಚದೆ ಒಂದಡಿ ಮೇಲಕ್ಕೆ ಎತ್ತೋದು. ಸಡಿಲ ಬಿಟ್ಟಾಗ ನೆಟ್ಟಗಾಗೋ ಮಂಡಿ ಎತ್ತುವಾಗ ಸ್ವಲ್ಪ ಬಾಗಿಬಿಟ್ರೆ ಕೀಲಿನಲ್ಲಿ ತೊಂದರೆ ಇಲ್ಲ, ತೊಡೆ ಮುಂದಿನ ಸ್ನಾಯುಗೆ ಶಕ್ತಿ ಸಾಲದು ಅಂತ ಅರ್ಥ. ವ್ಯಾಯಾಮನೇ ಬೇರೆ ಆಗುತ್ತೆ ಆಗ, ಹಾಗಾಗಿ ಈ ಎರಡು ವಿಡಿಯೋ ಜೋಡಿಯಾಗೇ ಬೇಕು.

ಮೂರನೇದು ಮಡಚೋದು. ಮಲಗಿ ಹಿಮ್ಮಡಿಯನ್ನ ಹಾಸಿಗೆ ಮೇಲೆ ಜಾರಿಸ್ತಾ ಪೃಷ್ಠದ ಕಡೆ ಎಳ್ಕೊಳ್ಳಿ. ಕಾಟನ್ ಸಾಕ್ಸ್ ಹಾಕಿದ್ರೆ ಅಥವಾ ಕೆಳಗೆ ಪ್ಲಾಸ್ಟಿಕ್ ಕವರ್ ಹಾಸಿದ್ರೆ ಸಲೀಸಾಗಿ ಜಾರುತ್ತೆ. ಸ್ವಂತ ಶಕ್ತಿಯಿಂದ ಎಷ್ಟಾಗುತ್ತೋ ಅಲ್ಲಿ ಮೂರು ಸೆಕೆಂಡ್ ನಿಲ್ಸಿ, ಆಮೇಲೆ ಪಾದಕ್ಕೆ ಟವೆಲ್ ಕೊಟ್ಟು ಕೈಯಿಂದ ಎಳ್ಕೊಂಡು ಇನ್ನೆಷ್ಟಾಗುತ್ತೋ ಅಲ್ಲಿ ಮೂರು ಸೆಕೆಂಡ್. ಬೇರೆಯವರು ಒತ್ತೋದು ಬೇಡ. ಅಳಿಯಂದಿರ ಉತ್ಸಾಹ ನೋಡಿದೀನಿ ನಾನು.

ನಾಲ್ಕನೇದು ಕುರ್ಚಿಯಿಂದ ಎದ್ದು ಕೂರೋದು, ಪಕ್ಕದಿಂದ ಒಂದು, ಎದುರಿಂದ ಒಂದು. ಮೈಭಾರ ಒಳ್ಳೆ ಕಾಲಿಗೆ ವಾಲುತ್ತಾ, ಮಂಡಿ ಒಳಗಡೆ ಬೀಳುತ್ತಾ ಅಂತ ಎದುರಿಂದ ತೆಗೆದದ್ರಲ್ಲಿ ಕಾಣುತ್ತೆ.

ಕೊನೇದು ನಡಿಗೆ. ಹಜಾರದಲ್ಲೋ ಮನೆ ಮುಂದೆಯೋ ಐದಾರು ಮೀಟರ್ ಜಾಗ, ಕ್ಯಾಮೆರಾ ಮಧ್ಯದಲ್ಲಿ ಪಕ್ಕಕ್ಕೆ, ನಡೆಯೋರ ಜೊತೆ ಕ್ಯಾಮೆರಾ ತಿರುಗಿಸ್ಬೇಡಿ, ಅವರು ಫ್ರೇಮ್ ದಾಟಿ ಹೋಗ್ಲಿ. ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಬಿಡಿ ಚಿತ್ರ, ಇಟ್ಕೊಳ್ಳಿ. ಕಾಲು ಬೀಸುವಾಗ ಮಂಡಿ ಸೆಕೆಂಡಿಗೆ 300 ಡಿಗ್ರಿ ವೇಗದಲ್ಲೂ ತಿರುಗುತ್ತೆ, 30 ಫ್ರೇಮಿನಲ್ಲಿ ತೆಗೆದ್ರೆ ಒಂದು ಫ್ರೇಮಿಂದ ಇನ್ನೊಂದಕ್ಕೆ 10 ಡಿಗ್ರಿ ಹಾರಿಹೋಗಿರುತ್ತೆ, 60ರಲ್ಲಿ 5. ವಾಕರ್ ಅಥವಾ ಕೋಲು ಬಳಸ್ತಿದ್ರೆ ಅದನ್ನ ಹಿಡ್ಕೊಂಡೇ ನಡೀಲಿ, ಪಕ್ಕದಲ್ಲಿ ಒಬ್ಬರಿರ್ಲಿ, ವಿಡಿಯೋಗೋಸ್ಕರ ಬಿದ್ದು ಇನ್ನೊಂದು ಕಾಲು ಮುರ್ಕೊಳ್ಳೋದು ಬೇಡ.

ಇದೆಲ್ಲ ಒಳ್ಳೆ ಕಾಲಿಗೂ ಒಂದು ಸಲ ಮಾಡಿಟ್ಕೊಳ್ಳಿ. ನಿಮ್ಮ ಮಂಡಿಗೆ ನಾರ್ಮಲ್ ಎಷ್ಟು ಅನ್ನೋದಕ್ಕೆ ಪುಸ್ತಕಕ್ಕಿಂತ ನಿಮ್ಮ ಇನ್ನೊಂದು ಕಾಲೇ ಒಳ್ಳೆ ಉತ್ತರ, ಅದೂ ಸವೆದಿಲ್ಲದಿದ್ರೆ.

ಹೆಜ್ಜೆ 5: ಡಿಗ್ರಿ ಅಳೆಯೋದು

ಕಂಪ್ಯೂಟರ್ ಇದ್ರೆ ಕಿನೋವಿಯಾ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ, ವಿಂಡೋಸ್‌ನಲ್ಲಿ ಓಡುತ್ತೆ. ವಿಡಿಯೋ ತೆರೆದು, ಕಾಲು ನಿಂತ ಫ್ರೇಮಿಗೆ ಹೋಗಿ, ಆಂಗಲ್ ಟೂಲ್ ತಗೊಂಡು, ಅದರ ಮೂಲೆ ಮಂಡಿ ಬಿಂದಿ ಮೇಲೆ, ಒಂದು ಕೈ ಸೊಂಟದ ಬಿಂದಿಗೆ, ಇನ್ನೊಂದು ಆಂಕಲ್ ಬಿಂದಿಗೆ ಎಳೆದ್ರೆ ಡಿಗ್ರಿ ಬರುತ್ತೆ. ಕಂಪ್ಯೂಟರ್ ಇಲ್ವಾ, ಆ ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಲ್ಲೇ ಮೂರು ಬಿಂದಿ ಸೇರೋ ಹಾಗೆ ಎರಡು ಗೆರೆ ಎಳೆದು, ಮೊಮ್ಮಗನ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸ್ಕ್ರೀನ್ ಮೇಲೆ ಇಟ್ರೂ ನಡೆಯುತ್ತೆ, ತಮಾಷೆ ಮಾಡ್ತಿಲ್ಲ.

ಇಲ್ಲಿ ಎಲ್ರೂ ಎಡವೋ ಜಾಗ ಒಂದಿದೆ. ಹೀಗೆ ಬರೋದು ಮಂಡಿ ಹಿಂದಿನ ಒಳಕೋನ. ಕಾಲು ನೆಟ್ಟಗಿದ್ರೆ ಅದು 180 ತೋರ್ಸುತ್ತೆ, ಆದ್ರೆ ಡಾಕ್ಟರ್ ಭಾಷೇಲಿ ನೆಟ್ಟಗಿದ್ರೆ 0. ಹಾಗಾಗಿ 180ರಿಂದ ಕಳೀಬೇಕು. ಸಾಫ್ಟ್‌ವೇರ್ 75 ಅಂದ್ರೆ ಮಂಡಿ 105 ಡಿಗ್ರಿ ಮಡಚಿದೆ. "ನಂದು 75ಕ್ಕೆ ಇಳಿದುಬಿಟ್ಟಿದೆ" ಅಂತ ಅಳ್ತಾ ಫೋನ್ ಮಾಡಿದೋರು ಇದಾರೆ, ನೋಡಿದ್ರೆ ಚೆನ್ನಾಗಿ ಮುಂದುವರಿದಿರ್ತಾರೆ.

ಒಂದೇ ಫ್ರೇಮನ್ನ ಮೂರು ಸಲ ಅಳೆದು ಮಧ್ಯದ ಸಂಖ್ಯೆ ಬರ್ಕೊಳ್ಳಿ. ಗೋನಿಯೋಮೀಟರ್ ಹಿಡಿದು ಅಳೆಯೋ ನಮ್ಮ ಕೈಯಲ್ಲೇ 5 ಡಿಗ್ರಿ ಆಚೀಚೆ ಆಗುತ್ತೆ, ಹಾಗಾಗಿ ಹೋದ ವಾರ 98 ಈ ವಾರ 95 ಅಂದ್ರೆ ಅದು ಹಿಂದೆ ಹೋಗಿದ್ದಲ್ಲ, ಅಳತೆಯ ಆಟ. ಎರಡು ಮೂರು ವಾರ ಸೇರಿಸಿ ನೋಡಿ.

ಬಂದ ಸಂಖ್ಯೆಗೆ ಅರ್ಥ ಏನು? ಸಮತಟ್ಟಾದ ನೆಲದಲ್ಲಿ ನಡೆಯೋಕೆ ಮಂಡಿ 60, 65 ಡಿಗ್ರಿ ಮಡಚಿದ್ರೆ ಆಯ್ತು. ಮೆಟ್ಟಿಲು ಹತ್ತಿ ಇಳಿಯೋಕೆ, ಕುರ್ಚಿಯಿಂದ ಸಲೀಸಾಗಿ ಏಳೋಕೆ 90 ಆಸುಪಾಸು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋದು, ಇಂಡಿಯನ್ ಟಾಯ್ಲೆಟ್ಟು, ನಮಾಜಿಗೆ ಕೂರೋದು ಇದಕ್ಕೆಲ್ಲ 120 ದಾಟ್ಬೇಕು. ಆರೋಗ್ಯವಂತ ಮಂಡಿ 135, 140ರ ತನಕ ಹೋಗುತ್ತೆ, ಬದಲಿ ಮಂಡಿ ಸಾಮಾನ್ಯವಾಗಿ 110ರಿಂದ 120ರ ಹತ್ರ ನಿಲ್ಲುತ್ತೆ. ಆಪರೇಷನ್‌ಗೆ ಮುಂಚೆ ಎಷ್ಟು ಮಡಚ್ತಿತ್ತು ಅನ್ನೋದರ ಮೇಲೂ ಇದು ನಿಂತಿದೆ, 80 ಡಿಗ್ರಿಗೆ ಬಿಗಿದುಹೋಗಿದ್ದ ಮಂಡಿಯಿಂದ 130 ನಿರೀಕ್ಷೆ ಮಾಡೋದು ನ್ಯಾಯ ಅಲ್ಲ, ಪಕ್ಕದ ಮನೆಯವರಿಗೆ ಆಯ್ತು ಅಂತ ಹೋಲಿಸ್ಕೊಳ್ಳೋದಂತೂ ಬೇಡವೇ ಬೇಡ. ಆದ್ರೆ ಆರನೇ ವಾರ ಆದ್ರೂ 90 ಮುಟ್ಟಿಲ್ಲ, ಎರಡು ಮೂರು ವಾರದಿಂದ ಸಂಖ್ಯೆ ನಿಂತಲ್ಲೇ ನಿಂತಿದೆ ಅಂದ್ರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ. ಅರಿವಳಿಕೆ ಕೊಟ್ಟು ಮಡಚಿಸೋ ಚಿಕಿತ್ಸೆ ಬೇಕಾದ್ರೆ ಅದು ಮೊದಲ ಮೂರು ತಿಂಗಳೊಳಗೆ ಆದ್ರೆ ಹೆಚ್ಚು ಫಲ, ಆಮೇಲೆ ಒಳಗಿನ ಗಾಯದ ಅಂಗಾಂಶ ಗಟ್ಟಿಯಾಗಿಬಿಡುತ್ತೆ.

ಆ್ಯಪ್ ಇದ್ಯಲ್ಲ ಸಾರ್?

ಇದೆ. ಗೂಗಲ್‌ನ ಮೀಡಿಯಾಪೈಪ್ ಅನ್ನೋದು ಒಂದೇ ಕ್ಯಾಮೆರಾದಿಂದ ಮೈಮೇಲೆ 33 ಚುಕ್ಕೆ ತಾನಾಗೇ ಇಡುತ್ತೆ, ಬಿಂದಿನೂ ಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಓಪನ್‌ಕ್ಯಾಪ್‌ನಲ್ಲಿ ಎರಡು ಐಫೋನ್ ಅಥವಾ ಐಪ್ಯಾಡ್ ಇಟ್ಕೊಂಡು, ಕಪ್ಪುಬಿಳಿ ಚೌಕದ ಹಾಳೆ ತೋರಿಸಿ ಕ್ಯಾಮೆರಾ ಹೊಂದಿಸಿದ್ರೆ ಮೂರು ಆಯಾಮದಲ್ಲಿ ಕೀಲಿನ ಕೋನ ಕೊಡುತ್ತೆ, ಸಂಶೋಧನೆಗೆ ಉಚಿತ. ಕೋಟಿಗಟ್ಟಲೆ ಬೆಲೆಬಾಳೋ ಲ್ಯಾಬಿನ ಕೆಲಸ ಎರಡು ಫೋನಿಗೆ ಬಂದಿದೆ ಅಂದ್ರೆ ನಿಜಕ್ಕೂ ಖುಷಿನೇ. ಆದ್ರೆ ಇವೆಲ್ಲ ಮೂಳೆ ನೋಡಲ್ಲ, ಚಿತ್ರ ನೋಡಿ ಕೀಲು ಇಲ್ಲಿರ್ಬಹುದು ಅಂತ ಊಹೆ ಮಾಡ್ತವೆ, ಸೀರೆ ಲುಂಗಿ ಬಂದ್ರೆ ಆ ಊಹೆ ಎಲ್ಲೆಲ್ಲೋ ಹೋಗುತ್ತೆ. ಬಳಸಿ, ಆದ್ರೆ ಮೊದಲ ದಿನ ಫಿಸಿಯೋ ಗೋನಿಯೋಮೀಟರಿನ ಅಳತೆ ಜೊತೆ ಒಂದು ಸಲ ತಾಳೆ ನೋಡಿ, 10 ಡಿಗ್ರಿ ವ್ಯತ್ಯಾಸ ಇದ್ರೆ ಆ ಆ್ಯಪ್ ಬಿಟ್ಟು ಬಿಂದಿಗೆ ವಾಪಸ್ ಬನ್ನಿ.

ಹೆಜ್ಜೆ 6: ಕಳಿಸೋದು

ವಾಟ್ಸಾಪಲ್ಲಿ ಸುಮ್ನೆ ವಿಡಿಯೋ ಅಂತ ಕಳಿಸಿದ್ರೆ ಅದು ಹಿಂಡಿ ಮಬ್ಬು ಮಾಡುತ್ತೆ, ಬಿಂದಿ ಕರಗಿಹೋಗುತ್ತೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಅದಕ್ಕೂ ಮುಂಚೆ ಬೇಡದ್ದು ಕತ್ತರಿಸಿ ಹತ್ತು ಹದಿನೈದು ಸೆಕೆಂಡಿಗೆ ತನ್ನಿ. ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡಿ, ಹಾಕಿದ್ರೆ ಹತ್ತು ಜನ ಹತ್ತು ಎಣ್ಣೆ ಹೇಳ್ತಾರೆ. ಜೊತೆಗೆ ನೋವು 10ಕ್ಕೆ ಎಷ್ಟು, ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು ಅಂತ ಬರೀರಿ. ನಾವು ದಿನಕ್ಕೆ ಮೂವತ್ತು ನಲವತ್ತು ಜನರನ್ನ ನೋಡೋರು, ಮೆಸೇಜು ಹೀಗಿದ್ರೆ ಒಂದು ನಿಮಿಷದಲ್ಲಿ ಉತ್ತರ ಕೊಡೋಕಾಗುತ್ತೆ:

"ಸಾರ್, ಅಮ್ಮನ ಬಲ ಮಂಡಿ, ಆಪರೇಷನ್ ಆಗಿ 28ನೇ ದಿನ. ಬೆಳಿಗ್ಗೆ 10ಕ್ಕೆ, ವ್ಯಾಯಾಮಕ್ಕೆ ಮುಂಚೆ, ಸ್ಟೂಲು ಅದೇ ಜಾಗ. ಸಡಿಲ ಬಿಟ್ಟಾಗ 4 ಡಿಗ್ರಿ ಬಾಕಿ, ಎತ್ತಿದಾಗ 11. ಸ್ವಂತವಾಗಿ ಮಡಚಿದ್ದು 92, ಟವೆಲ್ ಹಿಡಿದು 99. ಹೋದ ವಾರ 84, 93. ನೋವು 10ಕ್ಕೆ 4, ಮಾತ್ರೆ ತಗೊಂಡು ಎರಡು ಗಂಟೆ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಕೊಳ್ತಿದಾರೆ, ಬೇಡ ಅಂದ್ರೆ ನನ್ ಮಾತು ಕೇಳಲ್ಲ, ನೀವೇ ಒಂದು ಸಲ ಹೇಳಿ."